ಡೆಸ್ಕ್‌ಟಾಪ್ ತಣ್ಣಗಿರಬೇಕಾ? ಗಾಳಿಯ ದಾರಿ ಸರಿ ಮಾಡಿ

ಗೇಮ್ ಶುರುವಾದ ಸ್ವಲ್ಪ ಹೊತ್ತಿಗೇ ನಿಮ್ಮ ಡೆಸ್ಕ್‌ಟಾಪ್ ಬಿಸಿಯಾಗಿ ಸದ್ದು ಮಾಡುತ್ತಾ? ಹೊಸ ಫ್ಯಾನ್ ಕೊಳ್ಳೋ ಮೊದಲು, ಇರೋ ಫ್ಯಾನ್‌ಗಳ ದಿಕ್ಕು ನೋಡಿ.

ಫ್ಯಾನಿನ ಒಂದು ಬದಿಯಲ್ಲಿ ಮೋಟರ್ ಹಿಡಿದಿರೋ ಪ್ಲಾಸ್ಟಿಕ್ ಕಡ್ಡಿಗಳಿರುತ್ತವೆ. ಸಾಮಾನ್ಯವಾಗಿ ಗಾಳಿ ಹೊರಬರೋದು ಆ ಬದಿಯಿಂದ.

ಮುಂದಿನಿಂದ ತಣ್ಣನೆ ಗಾಳಿ ಒಳಗೆ. ಹಿಂದಿನಿಂದ, ಮೇಲಿನಿಂದ ಬಿಸಿ ಗಾಳಿ ಹೊರಗೆ. ಮೂರು ಫ್ಯಾನ್ ಇದ್ದರೆ ಎರಡು ಮುಂದೆ, ಒಂದು ಹಿಂದೆ. ಒಳಬರೋ ಗಾಳಿ ತುಸು ಹೆಚ್ಚಿದ್ದರೆ ಸಂದುಗಳಿಂದ ಧೂಳು ನುಗ್ಗೋದು ಕಡಿಮೆ.

ಲಿಕ್ವಿಡ್ ಕೂಲರ್ ಇದೆಯಾ? ರೇಡಿಯೇಟರನ್ನ ಮೇಲ್ಗಡೆ ಕೂರಿಸಿ, ಫ್ಯಾನ್ ಗಾಳಿ ಹೊರಕ್ಕೆ ತಳ್ಳಲಿ. ಮುಂದೆ ಕೂರಿಸಿದರೆ ಪ್ರೊಸೆಸರ್‌ಗೆ ಲಾಭ. ಆದರೆ ಗ್ರಾಫಿಕ್ಸ್ ಕಾರ್ಡ್‌ಗೆ ಸಿಗೋದು ಬೆಚ್ಚನೆ ಗಾಳಿ.

ಎಲ್ಲೇ ಇಟ್ಟರೂ ರೇಡಿಯೇಟರಿನ ಮೇಲ್ತುದಿ ಪಂಪ್‌ಗಿಂತ ಎತ್ತರದಲ್ಲಿರಲಿ. ಒಳಗಿನ ಗಾಳಿಗುಳ್ಳೆ ಮೇಲೇರಿ ಅಲ್ಲೇ ನಿಲ್ಲುತ್ತವೆ. ಅವು ಪಂಪ್ ಸೇರಿದರೆ ಗೊರಗೊರ ಸದ್ದು, ಪಂಪಿನ ಆಯಸ್ಸಿಗೂ ಕುತ್ತು.

ಈಗ ಪರೀಕ್ಷೆ. ತೆಳು ಟಿಶ್ಯೂ ಹಿಡಿಯಿರಿ: ಮುಂದಿನ ಜಾಲರಿಗೆ ಅಂಟಬೇಕು, ಹಿಂದೆ ಹಾರಬೇಕು.

ಕ್ಯಾಬಿನೆಟ್ಟನ್ನ ಗೋಡೆಗೆ ಒತ್ತಿ ಇಡಬೇಡಿ. ಫಿಲ್ಟರ್ ಆಗಾಗ ಒರೆಸಿ. ಇವತ್ತೇ ಪವರ್ ಆಫ್ ಮಾಡಿ, ಸೈಡ್ ಪ್ಯಾನೆಲ್ ತೆಗೆದು, ಫ್ಯಾನ್‌ಗಳ ದಿಕ್ಕು ಒಮ್ಮೆ ನೋಡಿ.