ಗರ್ಭಕೋಶದ ಗಾಯ ಹೊಲಿಯಲು ಕಲಿತ ಕಥೆ

1876ರ ಮೇ 21. ಇಟಲಿಯ ಪಾವಿಯಾದಲ್ಲಿ ವೈದ್ಯ ಎಡ್ವಾರ್ಡೊ ಪೊರೊ ಅವರ ಮುಂದೆ ಚೊಚ್ಚಲ ಬಸುರಿ ಜೂಲಿಯಾ ಕವಲ್ಲಿನಿ ಮಲಗಿದ್ದಳು. ವಯಸ್ಸು 25. ರಿಕೆಟ್ಸ್‌ ರೋಗದಿಂದ ಸೊಂಟದ ಮೂಳೆಗಳು ಸೊಟ್ಟಗಾಗಿ, ಮಗು ಹೊರಬರಲು ದಾರಿಯೇ ಇರಲಿಲ್ಲ. ಪೊರೊ ಹೊಟ್ಟೆ ಕೊಯ್ದು ಹೆಣ್ಣುಮಗುವನ್ನು ಹೊರತೆಗೆದರು. ರಕ್ತ ನಿಲ್ಲಿಸಲು ಗರ್ಭಕೋಶದ ಬುಡಕ್ಕೆ ತಂತಿಯ ಕುಣಿಕೆ ಬಿಗಿದು, ಮೇಲಿನ ಭಾಗವನ್ನು ಕತ್ತರಿಸಿ ತೆಗೆದರು. ಉಳಿದ ಮೋಟನ್ನು ಹೊಟ್ಟೆಯ ಗಾಯಕ್ಕೇ ಸೇರಿಸಿ ಹೊಲಿದರು. ತಾಯಿ, ಮಗು ಇಬ್ಬರೂ ಉಳಿದರು.

ಗರ್ಭಕೋಶವನ್ನೇ ಬಲಿಕೊಡುವ ಪ್ರಮೇಯ ಬಂದದ್ದಾದರೂ ಏಕೆ? ಅಂದಿನ ಬಹುಪಾಲು ವೈದ್ಯರು ಸಿಸೇರಿಯನ್ ಮಾಡಿದರೂ ಗರ್ಭಕೋಶಕ್ಕೆ ಹೊಲಿಗೆ ಹಾಕುತ್ತಿರಲಿಲ್ಲ. ಅದು ತಾನಾಗಿ ಕುಗ್ಗಿ ಗಾಯ ಮುಚ್ಚಿಕೊಳ್ಳುತ್ತದೆ ಎಂಬ ನಂಬಿಕೆ ಒಂದೆಡೆ, ಒಳಗೆ ಹಾಕಿದ ದಾರವನ್ನು ಆಮೇಲೆ ಬಿಚ್ಚುವುದು ಹೇಗೆಂಬ ಭಯ ಇನ್ನೊಂದೆಡೆ. ಬಾಯ್ತೆರೆದ ಗಾಯದಿಂದ ರಕ್ತ ಸೋರಿ, ನಂಜೇರಿ ಹೆಚ್ಚಿನ ತಾಯಂದಿರು ಸಾಯುತ್ತಿದ್ದರು.

ಈ ಭಯವನ್ನು ಮುರಿದವರು ಜರ್ಮನಿಯ ಲೈಪ್‌ಜಿಗ್‌ನ ಯುವ ವೈದ್ಯ ಮ್ಯಾಕ್ಸ್ ಸೆಂಗರ್. ಅಮೆರಿಕದ ಕೆಲವು ವೈದ್ಯರು ಬೆಳ್ಳಿ ತಂತಿಯಿಂದ ಗರ್ಭಕೋಶ ಹೊಲಿದು ಬಾಣಂತಿಯರನ್ನು ಉಳಿಸಿದ್ದನ್ನು ಓದಿದ್ದ ಅವರು, ಬೆಳ್ಳಿ ತಂತಿ ಮತ್ತು ರೇಷ್ಮೆ ದಾರದಿಂದ ಗಾಯವನ್ನು ಪದರ ಪದರವಾಗಿ ಮುಚ್ಚುವ ವಿಧಾನವನ್ನು 1882ರಲ್ಲಿ ಪ್ರಕಟಿಸಿದರು. ಅದರ ಹಿಂದಿನ ವರ್ಷವೇ ಹೈಡಲ್‌ಬರ್ಗ್ ಸಮೀಪದ ಹಳ್ಳಿಯೊಂದರಲ್ಲಿ ಫರ್ಡಿನಾಂಡ್ ಕೆಹ್ರರ್ ಗರ್ಭಕೋಶದ ಕೆಳಭಾಗವನ್ನು ಅಡ್ಡಲಾಗಿ ಕೊಯ್ದಿದ್ದರು. ಅಲ್ಲಿ ಗೋಡೆ ತೆಳು, ರಕ್ತಸ್ರಾವ ಕಡಿಮೆ, ಗಾಯವೂ ಚೆನ್ನಾಗಿ ಕೂಡುತ್ತದೆ. ಇಂದಿನ ಬಹುತೇಕ ಸಿಸೇರಿಯನ್‌ಗಳಲ್ಲಿ ಕೊಯ್ಯುವುದು ಅಲ್ಲಿಯೇ. ಕಿಬ್ಬೊಟ್ಟೆಯ ಚರ್ಮವನ್ನು ಅಡ್ಡಲಾಗಿ ಕೊಯ್ಯುವ ಕ್ರಮವನ್ನು 1900ರಲ್ಲಿ ವಿವರಿಸಿದವರು ಹರ್ಮನ್ ಫಾನೆನ್‌ಸ್ಟೀಲ್. ಆಪರೇಶನ್ ಮಾಡುವಾಗ ಬೆರಳಿಗೆ ಆದ ಗಾಯ ನಂಜಾಗಿ ಅವರೇ 1909ರಲ್ಲಿ ತೀರಿಕೊಂಡರು. ಆ್ಯಂಟಿಬಯೋಟಿಕ್ ಇಲ್ಲದ ಕಾಲವದು.

ಹೊಲಿಗೆ ಬಾಣಂತಿಯ ಜೀವ ಉಳಿಸಿತು. ಹಾಗೆ ಉಳಿದವಳು ಮತ್ತೆ ಬಸುರಿಯಾದಾಗ ಹೊಸ ತೊಡಕುಗಳು ಕಾಣಿಸಿಕೊಂಡವು. ಅಂದಿನ ಉದ್ದಗೀರಿನ ಗಾಯ ಮುಂದಿನ ಹೆರಿಗೆ ನೋವಿನಲ್ಲಿ ಬಿರಿಯುವ ಭೀತಿಯಿತ್ತು. 1916ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್, ಒಮ್ಮೆ ಸಿಸೇರಿಯನ್ ಆದವಳಿಗೆ ಮುಂದೆಯೂ ಸಿಸೇರಿಯನ್ನೇ ಎಂದದ್ದು ಈ ಹಿನ್ನೆಲೆಯಲ್ಲಿ. ಕೆಳಭಾಗದ ಅಡ್ಡಗೀರು ರೂಢಿಗೆ ಬಂದ ಮೇಲೆ ಬಿರಿಯುವ ಸಂಭವ ನೂರಕ್ಕೆ ಒಂದಕ್ಕಿಂತಲೂ ಕೆಳಗಿಳಿಯಿತು.

ಮಾಸು ಗರ್ಭಕೋಶದ ಗೋಡೆಗೆ ಬೇರೂರಿ, ಹೆರಿಗೆಯ ಬಳಿಕವೂ ಬಿಡದೆ ಕೂರುವ 'ಅಕ್ರೀಟಾ' ಎಂಬ ಸಮಸ್ಯೆಯನ್ನು 1937ರಲ್ಲಿ ಬಾಸ್ಟನ್ನಿನ ಇರ್ವಿಂಗ್ ಮತ್ತು ಹರ್ಟಿಗ್ ವಿವರಿಸಿದಾಗ ಅದು ಬಲು ಅಪರೂಪ. ಇಂದು ಅದರ ಮುಖ್ಯ ಕಾರಣವೇ ಹಳೆಯ ಸಿಸೇರಿಯನ್ ಗಾಯ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ದ ಬಸುರಿಯರಲ್ಲಿ ಹಿಂದೆ ಒಂದು ಸಿಸೇರಿಯನ್ ಆಗಿದ್ದರೆ ಶೇ 11ರಷ್ಟು, ಎರಡಾಗಿದ್ದರೆ ಶೇ 40ರಷ್ಟು ಮಂದಿಗೆ ಅಕ್ರೀಟಾ ಇತ್ತು. ಆಗ ರಕ್ತ ನಿಲ್ಲಿಸಲು ಪೊರೊ ಮಾಡಿದ್ದನ್ನೇ ಇಂದಿನ ವೈದ್ಯರೂ ಎಷ್ಟೋ ಸಲ ಮಾಡಬೇಕಾಗುತ್ತದೆ: ಗರ್ಭಕೋಶ ತೆಗೆಯುವುದು.

ಹಳೆಯ ಗಾಯದೊಳಗೇ ಭ್ರೂಣ ನೆಲೆಯೂರಿದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದದ್ದು 1978ರಲ್ಲಿ. ಕೆಲವರಲ್ಲಿ ಗಾಯದ ಒಳಬದಿ ಪೂರ್ತಿ ಕೂಡದೆ ಸಣ್ಣ ಗುಳಿ ಉಳಿದು, ಮುಟ್ಟು ಮುಗಿದ ಮೇಲೂ ರಕ್ತ ಜಿನುಗುತ್ತದೆ. ಗರ್ಭಕೋಶದ ಒಳಪದರದ ಕಣಗಳು ಹೊಟ್ಟೆಯ ಹೊಲಿಗೆಯಲ್ಲಿ ಉಳಿದು ಬೆಳೆದರೆ, ಪ್ರತಿ ಮುಟ್ಟಿಗೂ ಆ ಜಾಗ ಗಂಟು ಕಟ್ಟಿ ನೋಯುತ್ತದೆ. ಇದನ್ನು ಹರ್ನಿಯಾ ಎಂದೋ ಹೊಲಿಗೆಯ ಗಂಟೆಂದೋ ಭಾವಿಸಿ ವರ್ಷಗಟ್ಟಲೆ ನೋವು ನುಂಗುವವರಿದ್ದಾರೆ.

ಒಬ್ಬೊಬ್ಬರ ಮಟ್ಟಿಗೆ ಇವೆಲ್ಲ ಅಪರೂಪವೇ. ಆದರೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್; ದೇಶದ ಸರಾಸರಿ ಶೇ 21.5. ಹೆರಿಗೆಗಳ ಈ ಲೆಕ್ಕದಲ್ಲಿ ಅಪರೂಪದ ತೊಂದರೆಯೂ ಜಿಲ್ಲಾಸ್ಪತ್ರೆಯ ಬಾಗಿಲಿಗೆ ಬಂದೇ ಬರುತ್ತದೆ.

ಬೇಕಾದಾಗ ಸಿಸೇರಿಯನ್ನಿಗೆ ಹಿಂಜರಿಯಬಾರದು. ಬೇಡದಾಗ ಕೇಳಿ ಮಾಡಿಸಿಕೊಳ್ಳಬಾರದು. ಮನೆಗೆ ಬಂದ ಬಾಣಂತಿಗೆ ಜ್ವರ, ಗಾಯದಲ್ಲಿ ಕೀವು, ದುರ್ವಾಸನೆಯ ಸ್ರಾವ ಕಂಡರೆ, ಅಥವಾ ರಕ್ತಸ್ರಾವ ಜಾಸ್ತಿಯಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಡಿಸ್ಚಾರ್ಜ್ ಚೀಟಿಯನ್ನು ತಾಯಿ ಕಾರ್ಡಿನ ಜೊತೆ ಜೋಪಾನವಾಗಿಡಿ. ಗರ್ಭಕೋಶವನ್ನು ಹೇಗೆ ಕೊಯ್ದರು ಎಂಬುದು ಹೊರಗಿನ ಕಲೆ ನೋಡಿ ತಿಳಿಯದು, ಆ ಚೀಟಿಯಲ್ಲಿರುತ್ತದೆ. ಮತ್ತೆ ಬಸುರಿಯಾದರೆ ಮೊದಲ ತಿಂಗಳುಗಳಲ್ಲೇ ಸ್ಕ್ಯಾನ್ ಮಾಡಿಸಿ, ಮುಂದಿನ ಸ್ಕ್ಯಾನ್‌ಗಳಲ್ಲಿ ಮಾಸು ಎಲ್ಲಿ ಕೂತಿದೆ ಎಂದು ಕೇಳಿ ತಿಳಿದುಕೊಳ್ಳಿ.