ಪಶುವೈದ್ಯರ ಖನಿಜ ಮಂತ್ರ: ನಂಬಿಕೆ ಎಷ್ಟು, ನಿಜ ಎಷ್ಟು?

ಹಸು ಬೆದೆಗೆ ಬರುವುದು ತಡವಾದರೆ ಪಶುವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು: ‘ಖನಿಜ ಮಿಶ್ರಣ ಹಾಕ್ತಿದ್ದೀರಾ?’ ಇದೇ ಪ್ರಶ್ನೆಯನ್ನು ಮನುಷ್ಯರಿಗೆ ಕೇಳಿ ಅಮೆರಿಕದಲ್ಲಿ ಹೆಸರಾದವರು ಜೋಯಲ್ ವಾಲಕ್. 1964ರಲ್ಲಿ ಮಿಸೌರಿ ವಿಶ್ವವಿದ್ಯಾಲಯದಿಂದ ಪಶುವೈದ್ಯ ಪದವಿ, ಆಮೇಲೆ ಮೃಗಾಲಯದ ಪ್ರಾಣಿಗಳ ಶವಪರೀಕ್ಷೆಯ ಕೆಲಸ, 1982ರಲ್ಲಿ ಪೋರ್ಟ್‌ಲ್ಯಾಂಡ್‌ನಿಂದ ಪ್ರಕೃತಿ ಚಿಕಿತ್ಸೆಯ ಪದವಿ. 1990ರ ದಶಕದಲ್ಲಿ ‘ಡೆಡ್ ಡಾಕ್ಟರ್ಸ್ ಡೋಂಟ್ ಲೈ’ ಎಂಬ ಅವರ ಭಾಷಣದ ಕ್ಯಾಸೆಟ್ ಕೈಯಿಂದ ಕೈಗೆ ಹರಿದಾಡಿತು. 1997ರಲ್ಲಿ ಪೋಷಕಾಂಶಗಳನ್ನು ಮಾರುವ ಅವರ ಯಂಗೆವಿಟಿ ಕಂಪನಿಯೂ ಹುಟ್ಟಿತು. ಕ್ಯಾಸೆಟ್ಟಿನ ಮಾತುಗಳು ಇಂದಿಗೂ ಚಲಾವಣೆಯಲ್ಲಿವೆ.

ತಪ್ಪು ಕಲ್ಪನೆ: ದನದ ಡಾಕ್ಟರಿಗೆ ಮನುಷ್ಯರ ಪೋಷಣೆಯ ಬಗ್ಗೆ ಏನು ಗೊತ್ತು?
ಸತ್ಯ: ಗೊತ್ತಿರುತ್ತದೆ. ಸೆಲೆನಿಯಂ ಕೊರತೆಯಿಂದ ಕುರಿಮರಿ, ಕರುಗಳ ಸ್ನಾಯು ಬಿಳಿಚಿ ಸೊರಗುತ್ತದೆ. ಚೀನಾದ ಕೆಶಾನ್ ಪ್ರದೇಶದಲ್ಲಿ ಮಕ್ಕಳ ಹೃದಯಸ್ನಾಯುವನ್ನು ಕೆಡಿಸಿದ ರೋಗಕ್ಕೂ ಇದೇ ಕೊರತೆ ಮುಖ್ಯ ಕಾರಣ. 1970ರ ದಶಕದಲ್ಲಿ ಸೆಲೆನಿಯಂ ಮಾತ್ರೆ ಕೊಟ್ಟಾಗ ರೋಗ ಇಳಿಯಿತು. ವಾಲಕ್ ಎತ್ತಿದ ಪ್ರಶ್ನೆ ಸರಿಯೇ. ಆದರೆ ಕೊಟ್ಟಿಗೆಯ ದನಕ್ಕೆ ಹಾಕಿದ್ದೇ ಮೇವು, ಕೆಶಾನ್ ರೈತರಿಗೆ ತಮ್ಮ ಹೊಲದ ಧಾನ್ಯವೇ ಊಟ. ಪೇಟೆಯಲ್ಲಿ ಹತ್ತೂರಿನ ಕಾಳು, ತರಕಾರಿ ತಿನ್ನುವವರಿಗೆ ಒಂದು ಹೊಲದ ಕೊರತೆ ಹಾಗೆಯೇ ತಟ್ಟುವುದಿಲ್ಲ.

ತಪ್ಪು ಕಲ್ಪನೆ: ವೈದ್ಯರ ಸರಾಸರಿ ಆಯಸ್ಸು 58 ವರ್ಷ.
ಸತ್ಯ: ಕ್ಯಾಸೆಟ್ಟಿನ ಜೀವಾಳವೇ ಈ ಮಾತು. ಅದಕ್ಕೆ ಆಧಾರವಾಗಿ ವಾಲಕ್ ತೋರಿಸಿದ್ದು ತಾವು ಕತ್ತರಿಸಿಟ್ಟ ನಿಧನವಾರ್ತೆಗಳನ್ನು. ಚಿಕ್ಕ ವಯಸ್ಸಿನ ಸಾವೇ ಸುದ್ದಿಯಾಗಿ ಕಣ್ಣಿಗೆ ಬೀಳುವುದರಿಂದ ಇಂಥ ಸಂಗ್ರಹದಿಂದ ಸರಾಸರಿ ಸಿಗದು. 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಬಿಳಿಯ ಪುರುಷ ವೈದ್ಯರು ಸತ್ತಾಗಿನ ಸರಾಸರಿ ವಯಸ್ಸು 73. ವಕೀಲರದು ಅದಕ್ಕಿಂತ ತುಸು ಕಡಿಮೆ.

ತಪ್ಪು ಕಲ್ಪನೆ: ದೇಹಕ್ಕೆ ದಿನವೂ 90 ಪೋಷಕಾಂಶಗಳು ಬೇಕೇ ಬೇಕು.
ಸತ್ಯ: ವಾಲಕ್ ಲೆಕ್ಕದಲ್ಲಿ 60 ಖನಿಜ, 16 ವಿಟಮಿನ್, 12 ಅಮೈನೊ ಆಮ್ಲ, 2 ಕೊಬ್ಬಿನಾಮ್ಲ. ಪೋಷಣಾ ವಿಜ್ಞಾನ ಒಪ್ಪುವುದು 13 ವಿಟಮಿನ್, 9 ಅಮೈನೊ ಆಮ್ಲ, 2 ಕೊಬ್ಬಿನಾಮ್ಲ, ಸುಮಾರು 15 ಖನಿಜ. ಅಂತರ ಬಹುಪಾಲು ಖನಿಜದಲ್ಲೇ ಇದೆ. ನೆಲದಲ್ಲಿ ಇರುವುದೆಲ್ಲ ದೇಹಕ್ಕೆ ಬೇಕಾದ್ದಲ್ಲ, ಸೀಸವೂ ನೆಲದ್ದೇ.

ತಪ್ಪು ಕಲ್ಪನೆ: ಕಲಿಲ (ಕೊಲಾಯ್ಡ್) ರೂಪದ ಖನಿಜ ಬಹುಪಾಲು ರಕ್ತಕ್ಕೆ ಸೇರುತ್ತದೆ, ಮಾತ್ರೆಯದು ವ್ಯರ್ಥ.
ಸತ್ಯ: ಯೂಟಾ ರಾಜ್ಯದ ಗಣಿಯೊಂದರ ಜೇಡಿಕಲ್ಲಿನ ಪುಡಿಯನ್ನು ನೀರಿನಲ್ಲಿ ನೆನೆಸಿ ಸೋಸಿದ ದ್ರವವನ್ನು ಹೀಗೆ ಹೊಗಳಲಾಯಿತು. ಕರುಳು ಖನಿಜವನ್ನು ಬಹುತೇಕ ಹೀರಿಕೊಳ್ಳುವುದು ಕರಗಿದ ಅಯಾನುಗಳಾಗಿ. ಕಲಿಲದ ಕಣ ಅಯಾನಿಗಿಂತ ದೊಡ್ಡದು. ಅದು ಇನ್ನೂ ಸುಲಭವಾಗಿ ಒಳಹೋಗಲು ಕಾರಣವೇ ಇಲ್ಲ. ಆ ದ್ರವದಲ್ಲಿ ಅಲ್ಯೂಮಿನಿಯಂ ಕೂಡ ಇರುತ್ತದೆ.

ತಪ್ಪು ಕಲ್ಪನೆ: ಮಣ್ಣಿನಲ್ಲಿ ಖನಿಜ ಬರಿದಾಗಿದೆ ಎಂದು 1936ರಲ್ಲೇ ಅಮೆರಿಕದ ಸೆನೆಟ್ ತೀರ್ಮಾನಿಸಿತ್ತು.
ಸತ್ಯ: ‘ಸೆನೆಟ್ ದಾಖಲೆ 264’ ಇರುವುದು ನಿಜ. ಆದರೆ ಅದು ತನಿಖಾ ವರದಿಯಲ್ಲ. ಕಾದಂಬರಿಕಾರ ರೆಕ್ಸ್ ಬೀಚ್ ಕಾಸ್ಮೊಪಾಲಿಟನ್ ಪತ್ರಿಕೆಗೆ ಬರೆದ ಲೇಖನದ ಮರುಮುದ್ರಣ.

ತಪ್ಪು ಕಲ್ಪನೆ: 1991ರಲ್ಲಿ ನೊಬೆಲ್‌ಗೆ ವಾಲಕ್ ಹೆಸರು ಹೋಗಿತ್ತಲ್ಲ, ಅಂದಮೇಲೆ ಸಂಶೋಧನೆ ಗಟ್ಟಿಯೇ.
ಸತ್ಯ: ಹೆಸರು ಸೂಚಿಸುವ ಹಕ್ಕು ನೊಬೆಲ್ ಸಮಿತಿ ಆಹ್ವಾನಿಸಿದವರಿಗೆ ಮಾತ್ರ, ಸೂಚಿತರ ಪಟ್ಟಿ 50 ವರ್ಷ ಗುಟ್ಟಾಗಿರುತ್ತದೆ. ಹೆಸರು ಹೋಗಿದ್ದರೂ ಅದು ಒಬ್ಬರ ಶಿಫಾರಸು ಅಷ್ಟೇ, ಸಂಶೋಧನೆಗೆ ಸಿಕ್ಕ ಒಪ್ಪಿಗೆಯಲ್ಲ.

ಹಾಗಾದರೆ ಮಾಡಬೇಕಾದ್ದೇನು? ದನಗಳ ವಿಷಯದಲ್ಲೇ ಪಶು ಪೋಷಣಾ ತಜ್ಞರು ಪ್ರದೇಶದ ಮಣ್ಣು, ಮೇವು ಪರೀಕ್ಷಿಸಿ, ಕಡಿಮೆ ಇರುವ ಖನಿಜವನ್ನಷ್ಟೇ ಸೇರಿಸಿದ ಮಿಶ್ರಣ ರೂಪಿಸುತ್ತಾರೆ. ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯಲ್ಲಿ ಈ ಕೆಲಸ ನಡೆದಿದೆ. ಮನುಷ್ಯರ ವಿಷಯದಲ್ಲೂ ಅಷ್ಟೇ: ಸುಸ್ತು, ಜೋಮು ಕಾಡಿದರೆ ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ್ದನ್ನು ಹೇಳಿದಷ್ಟು ದಿನ ತೆಗೆದುಕೊಳ್ಳಿ. ಎಲ್ಲ ರೋಗಕ್ಕೂ ಒಂದೇ ಬಾಟಲಿ ತೋರಿಸುವವರು ಈ ಪಶುವೈದ್ಯಕೀಯ ಶಿಸ್ತನ್ನೇ ಬಿಟ್ಟುಕೊಟ್ಟಿರುತ್ತಾರೆ.