ಇ-ಮೇಲ್ ಬ್ಯಾಕಪ್ಪೂ ಅದರ ಲಾಗೂ: ಇತಿಹಾಸಾಧ್ಯಾಪಕರ ದೃಷ್ಟಿಯಿಂದ

ಪತ್ರವ್ಯವಹಾರವು ಇತಿಹಾಸರಚನೆಯ ಮುಖ್ಯ ಆಧಾರಗಳಲ್ಲೊಂದೆಂಬುದು ಸುವಿದಿತವಾದ ಸಂಗತಿ. ಇಂದು ಅದರ ಬಹುಭಾಗವು ಕಾಗದವನ್ನು ತೊರೆದು ಇ-ಮೇಲ್ ಸರ್ವರುಗಳನ್ನು ಸೇರಿದೆ. ಅವುಗಳನ್ನು ಕಾಯುವುದು ಯಂತ್ರತಜ್ಞರ ಕೆಲಸ, ಇತಿಹಾಸದ ವಿದ್ಯಾರ್ಥಿಗೆ ಅದರ ಗೊಡವೆಯೇಕೆ ಎಂದು ಕೆಲವರು ಕೇಳಬಹುದು. ಅಮೆರಿಕದ ಒಂದು ಪ್ರಸಂಗವು ಈ ಪ್ರಶ್ನೆಗೆ ತಕ್ಕ ಉತ್ತರವನ್ನು ಕೊಡುತ್ತದೆ.

೧೯೮೬ರ ನವೆಂಬರಿನಲ್ಲಿ, ಇರಾನಿಗೆ ಗುಟ್ಟಾಗಿ ಆಯುಧಗಳನ್ನು ಮಾರಿದ ವಿಷಯ ಬಯಲಾದಾಗ, ರಾಷ್ಟ್ರೀಯ ಭದ್ರತಾ ಮಂಡಲಿಯ ಜಾನ್ ಪಾಯಿಂಡೆಕ್ಸ್ಟರ್ ಮತ್ತು ಆಲಿವರ್ ನಾರ್ತ್ ತಮ್ಮ ವಿದ್ಯುನ್ಮಾನ ಸಂದೇಶಗಳನ್ನು ದೊಡ್ಡ ಸಂಖ್ಯೆಯಲ್ಲಿ ಅಳಿಸಿಹಾಕಿದರು. ಆದರೆ ಬ್ಯಾಕಪ್ ಟೇಪುಗಳಲ್ಲಿ ಪ್ರತಿಗಳು ಉಳಿದಿದ್ದುವು. ೧೯೮೭ರಲ್ಲಿ ವರದಿ ಸಲ್ಲಿಸಿದ ಟವರ್ ಆಯೋಗವು ಅವನ್ನು ಆಧಾರವಾಗಿ ಬಳಸಿತು. ಈ ಟೇಪುಗಳು ನಾಶವಾಗದಂತೆ ತಡೆಯಲು ೧೯೮೯ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಇಂಥ ಸಂದೇಶಗಳೂ ಸರ್ಕಾರಿ ದಾಖಲೆಗಳೇ ಎಂದೂ, ಯಾರು ಯಾರಿಗೆ ಯಾವಾಗ ಕಳುಹಿಸಿದರೆಂಬ ವಿವರಗಳು ಬಿಟ್ಟುಹೋಗಬಹುದಾದ್ದರಿಂದ ಕಾಗದದ ಪ್ರತಿ ಸಾಲದೆಂದೂ ೧೯೯೩ರಲ್ಲಿ ತೀರ್ಪಾಯಿತು.

ಹೀಗಾಗಿ, ಬ್ಯಾಕಪ್ಪು ಹೇಗೆ ನಡೆಯುತ್ತದೆಂಬುದನ್ನು ನಾವು ಸ್ಥೂಲವಾಗಿಯಾದರೂ ಅರಿಯಬೇಕು. ಫಿನ್ಲೆಂಡಿನ ಟಿಮೊ ಸಿರೈನೆನ್ ರಚಿಸಿ ೨೦೦೨ರಲ್ಲಿ ಮೊದಲು ಹೊರತಂದ ‘ಡವ್‌ಕಾಟ್’ ಎಂಬ ಇ-ಮೇಲ್ ಸರ್ವರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ‘ಡವ್‌ಅಡ್ಮ್’ ಎಂಬುದು ಇದರ ನಿರ್ವಹಣಾ ಸಾಧನ. ಕಮಾಂಡ್ ಲೈನಿನಲ್ಲಿ, ಎಂದರೆ ಆಜ್ಞೆಗಳನ್ನು ಅಕ್ಷರಗಳಲ್ಲಿ ಬರೆದು ಕೊಡುವ ಸಾಲಿನಲ್ಲಿ, ಇದಕ್ಕೆ ‘ಬ್ಯಾಕಪ್’ ಎಂಬ ಆದೇಶವನ್ನು ಕೊಡಬಹುದು. ಆದೇಶದೊಡನೆ ಅಡ್ಡಗೆರೆಯಿಟ್ಟು ಬರೆಯುವ ರೋಮನ್ ಅಕ್ಷರಗಳಿಗೆ ಆಪ್ಷನ್‌ಗಳೆಂದು ಹೆಸರು. ಇಲ್ಲಿ ದೊಡ್ಡಕ್ಷರಕ್ಕೂ ಸಣ್ಣಕ್ಷರಕ್ಕೂ ಅರ್ಥಭೇದವುಂಟು. ಸಣ್ಣ ‘-ಯು’ ಒಬ್ಬ ಬಳಕೆದಾರನ ಪತ್ರಗಳನ್ನು ಸೂಚಿಸಿದರೆ, ದೊಡ್ಡ ‘-ಎ’ ಎಲ್ಲರ ಪತ್ರಗಳನ್ನೂ ಸೂಚಿಸುತ್ತದೆ.

ಮೊದಲನೆಯ ವಿಚಾರ ಕಾನ್ಫಿಗರೇಷನ್, ಅಂದರೆ ವ್ಯವಸ್ಥೆಯ ನಿಯಮಗಳು. ಸ್ಥಿರವಾದ ನಿಯಮಗಳು ಸರ್ವರಿನ ಒಂದು ಕಡತದಲ್ಲಿರುತ್ತವೆ. ಸಣ್ಣ ‘-ಓ’ ಎಂಬ ಆಪ್ಷನ್ನಿನಿಂದ ಯಾವುದೇ ನಿಯಮವನ್ನು ಆ ಒಂದು ಸಲದ ಮಟ್ಟಿಗೆ ಬದಲಿಸಬಹುದು. ಕಡತವು ಮಾತ್ರ ಇದ್ದಂತೆಯೇ ಇರುತ್ತದೆ. ಅನುಕೂಲವಿರುವಲ್ಲಿಯೇ ಅಪಾಯವೂ ಇದೆ. ಹಾಗೆ ಬದಲಿಸಿದ್ದಕ್ಕೆ ಕಡತದಲ್ಲಿ ಕುರುಹು ಉಳಿಯದು. ಆದಕಾರಣ ಬರೆದ ಆದೇಶವನ್ನು ಪೂರ್ಣವಾಗಿ ಕಾದಿಡಬೇಕು. ‘ಡವ್‌ಕಾನ್ಫ್ -ಎನ್’ ಎಂಬ ಇನ್ನೊಂದು ಆದೇಶವು, ಮೂಲನಿಯಮಗಳಿಗಿಂತ ಭಿನ್ನವಾಗಿರುವುವನ್ನು ಮಾತ್ರ ಪಟ್ಟಿಮಾಡಿ ತೋರಿಸುತ್ತದೆ. ಈ ಪಟ್ಟಿಯನ್ನು ಪ್ರತಿಯೊಡನೆ ಇರಿಸಿದರೆ, ಮುಂದೆ ಅದನ್ನು ತೆರೆಯುವವರಿಗೆ ಅದು ಯಾವ ನಿಯಮಗಳಡಿ ಸಿದ್ಧವಾಯಿತೆಂಬುದು ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಈ ಬ್ಯಾಕಪ್ಪು ಏಕಮುಖವಾದುದು. ಪ್ರತಿಯನ್ನು ಮೂಲದಂತೆಯೇ ಮಾಡುವುದು ಅದರ ಗುರಿ. ಮೂಲದಲ್ಲಿ ಅಳಿಸಿದ ಪತ್ರವು ಮುಂದಿನ ಓಟದಲ್ಲಿ ಪ್ರತಿಯಿಂದಲೂ ಮಾಯವಾಗುತ್ತದೆ. ೧೯೮೬ರಲ್ಲಿ ಇಂಥ ಒಂದೇ ಪ್ರತಿಯಿದ್ದು, ಅಳಿಸಿದ ಮೇಲೆ ಅದು ನವೀಕರಣಗೊಂಡಿದ್ದರೆ ಆಯೋಗಕ್ಕೆ ಏನೂ ಸಿಗುತ್ತಿರಲಿಲ್ಲ. ದಿನಾಂಕವಾರು ಬೇರೆಬೇರೆ ಪ್ರತಿಗಳನ್ನಿಡಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

ಎರಡನೆಯದು ಲಾಗ್, ಅಂದರೆ ಯಂತ್ರವು ತಾನು ಮಾಡಿದ ಕೆಲಸವನ್ನು ಬರೆದಿಡುವ ದಿನಚರಿ. ಸಣ್ಣ ‘-ವಿ’ ಕೊಟ್ಟರೆ ವಿವರಗಳು ಹೆಚ್ಚು ಬರುತ್ತವೆ; ದೊಡ್ಡ ‘-ಡಿ’ ಕೊಟ್ಟರೆ ದೋಷಶೋಧನೆಗೆ ಬೇಕಾದ ಸೂಕ್ಷ್ಮಾಂಶಗಳೂ ಸೇರುತ್ತವೆ. ದಿನಚರಿ ಎಲ್ಲಿ ಬರೆಯಲ್ಪಡುತ್ತಿದೆಯೆಂಬುದನ್ನು ‘ಡವ್‌ಅಡ್ಮ್ ಲಾಗ್ ಫೈಂಡ್’ ಎಂಬ ಆದೇಶ ತಿಳಿಸುತ್ತದೆ. ಕೆಲಸ ಮುಗಿದಾಗ ಬ್ಯಾಕಪ್ ಆದೇಶವು ಒಂದು ಅಂಕವನ್ನೂ ಬಿಟ್ಟುಹೋಗುತ್ತದೆ. ೦ ಬಂದರೆ ಕೆಲಸ ಪೂರ್ಣ. ೨ ಬಂದರೆ ದೋಷವಿಲ್ಲದಿದ್ದರೂ ಕೆಲವು ಬದಲಾವಣೆಗಳು ಉಳಿದಿವೆ, ಇನ್ನೊಮ್ಮೆ ನಡೆಸಬೇಕು. ಉಳಿದ ಅಂಕಗಳು ವಿಫಲತೆಯ ಚಿಹ್ನೆ.

ಈ ಚಿಹ್ನೆಗಳನ್ನು ಯಾರೂ ನೋಡದಿದ್ದರೆ ಆಗುವುದೇನೆಂಬುದಕ್ಕೆ ೨೦೧೭ರ ಜನವರಿ ೩೧ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ನಡೆದುದು ನಿದರ್ಶನ. ಅಲ್ಲಿ ನಷ್ಟವಾದುದು ಇ-ಮೇಲ್ ಅಲ್ಲ, ದತ್ತಸಂಗ್ರಹ. ತಪ್ಪಾಗಿ ಅಳಿಸಿದ ಸಂಗ್ರಹವನ್ನು ಮರಳಿ ಪಡೆಯಹೊರಟಾಗ, ನಿತ್ಯದ ಬ್ಯಾಕಪ್ಪು ತಂತ್ರಾಂಶದ ಆವೃತ್ತಿಭೇದದಿಂದ ವಿಫಲವಾಗುತ್ತಿದ್ದುದು ಗೊತ್ತಾಯಿತು. ಆ ವಿಫಲತೆಯನ್ನು ತಿಳಿಸುವ ಇ-ಮೇಲ್‌ಗಳು ಹೊರಟಿದ್ದರೂ ಸ್ವೀಕರಿಸುವ ಸರ್ವರು ಅವನ್ನು ತಿರಸ್ಕರಿಸಿದುದರಿಂದ ಯಾರಿಗೂ ತಲುಪಿರಲಿಲ್ಲ. ಸುಮಾರು ಆರು ಗಂಟೆಗಳ ಹಿಂದೆ ಬೇರೊಂದು ಕಾರಣಕ್ಕೆ ತೆಗೆದಿದ್ದ ಪ್ರತಿಯೇ ಕೊನೆಗೆ ನೆರವಾಯಿತು. ನಡುವಣ ಅವಧಿಯ ದತ್ತಾಂಶಗಳು ಹೋದುವು.

ಸಂದೇಶ ಬಾರದಿರುವುದನ್ನೇ ಕ್ಷೇಮವೆಂದು ತಿಳಿಯುವುದು ಸರಿಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಶಾಸನದ ಪಾಠವನ್ನು ಒಪ್ಪುವ ಮುನ್ನ ಅದರ ಪ್ರತಿಯನ್ನು ಯಾರು, ಯಾವಾಗ, ಹೇಗೆ ತೆಗೆದರೆಂದು ನಾವು ವಿಚಾರಿಸುತ್ತೇವೆ. ಇ-ಮೇಲ್ ಪ್ರತಿಯ ವಿಷಯದಲ್ಲಿ ಈ ಪ್ರಶ್ನೆಗಳಿಗೆ ಉತ್ತರವಿರುವುದು ಅದರ ನಿಯಮಪಟ್ಟಿಯಲ್ಲಿ ಮತ್ತು ಲಾಗಿನಲ್ಲಿ. ಕಾಲೇಜುಗಳ ಇತಿಹಾಸ ವಿಭಾಗಗಳು ತಮ್ಮ ಸರ್ವರನ್ನು ನೋಡಿಕೊಳ್ಳುವವರನ್ನು ಮೂರು ಸಂಗತಿ ಕೇಳಲಿ: ಲಾಗನ್ನು ನಿತ್ಯವೂ ಓದುವವರಾರು? ಹಳೆಯ ದಿನಾಂಕದ ಪ್ರತಿಗಳು ಎಷ್ಟಿವೆ? ಪ್ರತಿಯಿಂದ ಒಂದು ಪತ್ರವನ್ನಾದರೂ ಮರಳಿ ಪಡೆದು ಪರೀಕ್ಷಿಸಿದ್ದು ಯಾವಾಗ? ಇವಕ್ಕೆ ಉತ್ತರ ದೊರೆಯದ ಕಡೆ ಬ್ಯಾಕಪ್ಪು ಇದೆಯೆಂದು ನಾವು ಭಾವಿಸಲಾಗದು.